ಗುಂಡು ತಗಲಿದ ಮೇಲೆ

ನವೆಂಬರ್ 4, ಮಂಗಳವಾರ

ಗುಂಡು ತಗಲಿ ಓಡಿಹೋದ ಪ್ರಾಣಿಗಾಗಿ ಮೂರು ದಿನದಲ್ಲಿ ನಾಲ್ಕನೆಯ ಹುಡುಕಾಟ. ಬೇಟೆಯ ಕಾಲ ಈಗಷ್ಟೇ ಕಣ್ಣು ಬಿಟ್ಟಿದೆ, ನನಗಾಗಲೇ ಜನವರಿಯ ಕೊನೆ ಯಾವಾಗ ಬಂದೀತೋ ಅನ್ನಿಸುತ್ತಿದೆ.

ಬೇಟೆ ಕಚೇರಿಗೆ ಕಳಿಸುವ ನಮೂನೆಯಲ್ಲಿ ಎಲ್ಲಕ್ಕೂ ಒಂದೊಂದು ಖಾನೆ ಇದೆ. ಯಾವ ಕಾಡು, ಗುಂಡು ಎಲ್ಲಿಗೆ ತಗಲಿತ್ತು, ಜಾಡು ಎಷ್ಟು ಉದ್ದ, ಪ್ರಾಣಿ ಸಿಕ್ಕಿತೋ ಇಲ್ಲವೋ. ಮೂವತ್ತೊಂದು ವರ್ಷದಿಂದ ತುಂಬುತ್ತಿದ್ದೇನೆ. ಆ ಖಾನೆಗಳಲ್ಲಿ ಹಿಡಿಸದೆ ಉಳಿದದ್ದನ್ನು ಈ ಸಲ ಇಲ್ಲಿ ಬರೆದಿಡೋಣ ಅಂತ. ಮನೆಯಲ್ಲಿ ಹೇಳಿಕೊಳ್ಳಲು ಹೆಲ್ಲಾ ಬಿಟ್ಟರೆ ಯಾರಿಲ್ಲ. ಅವಳು ಒಲೆಯ ಮುಂದೆ ನಾಲ್ಕೂ ಕಾಲು ಚಾಚಿ ಬಿದ್ದುಕೊಂಡಿದ್ದಾಳೆ. ನಾಯಿಯ ಬದುಕೇ ವಾಸಿ.

ಇಂದಿನದು ಹ್ಯಾನೋವರ್‌ನಿಂದ ಬಂದಿದ್ದ ಒಬ್ಬ ಹಲ್ಲಿನ ಡಾಕ್ಟರನ ಪ್ರತಾಪ. "ನೇರ ಎದೆಗೇ ಹೊಡ್ದಿದೀನಿ, ಅಲ್ಲೇ ಎಲ್ಲೋ ಬಿದ್ದಿರುತ್ತೆ" ಅಂದ. ಎಲ್ಲರೂ ಎದೆಗೇ ಹೊಡೆಯುತ್ತಾರೆ. ಜಿಂಕೆ ನಿಂತಿದ್ದ ಜಾಗದಲ್ಲಿ ಮಂಡಿಯೂರಿ ನೋಡಿದರೆ ನೆತ್ತರಿನಲ್ಲಿ ಹಸಿರು ಬೆರೆತಿತ್ತು, ಅರೆದ ಹುಲ್ಲಿನ ಹುಳಿ ನಾತ.

"ನಿಮ್ಮೂರಲ್ಲಿ ಎದೆ ಇಷ್ಟು ಹಿಂದಕ್ಕಿರುತ್ತಾ ಡಾಕ್ಟ್ರೇ?" ಅಂದೆ.

ಹೊಟ್ಟೆಗೆ ಗುಂಡು ಬಿದ್ದ ಜಿಂಕೆಯನ್ನು ತಕ್ಷಣ ಅಟ್ಟಬಾರದು. ಬಿಟ್ಟರೆ ಹತ್ತಿರದಲ್ಲೇ ಮಲಗುತ್ತದೆ, ಅಟ್ಟಿದರೆ ಬೆಟ್ಟ ದಾಟುತ್ತದೆ. ನಾಲ್ಕು ಗಂಟೆ ಕಾದು ಹೆಲ್ಲಾಳ ಹಗ್ಗ ಹಿಡಿದೆ. ಒಂಬೈನೂರು ಮೀಟರ್. ಬೀಚ್ ಮರಗಳ ಕೆಳಗಿನ ಹಳ್ಳದಲ್ಲಿ ಸತ್ತು ಬಿದ್ದಿತ್ತು, ಕಿವಿ ಇನ್ನೂ ಬೆಚ್ಚಗಿತ್ತು. ಡಾಕ್ಟರ್ ಬೇಟೆಗಾರರ ಪದ್ಧತಿಯಂತೆ ಒಂದು ಹಸಿರು ಟೊಂಗೆ ಮುರಿದು, ನೆತ್ತರಿಗೆ ತಾಗಿಸಿ, ಹುಡುಕಿಕೊಟ್ಟದ್ದಕ್ಕೆ ಗೌರವವಾಗಿ ನನ್ನ ಕೈಗಿತ್ತ. ಅವನ ಕಣ್ಣು ಒದ್ದೆಯಾಗಿತ್ತು. ನನಗೆ ಮರುಕ ಹುಟ್ಟಲಿಲ್ಲ. ಟೊಂಗೆಯನ್ನು ಟೋಪಿಗೆ ಸಿಕ್ಕಿಸಿಕೊಂಡು ಬಂದೆ.

ಜೊತೆಗೆ ವೀಬ್ಕೆ ಇದ್ದಳು. ದನದ ಡಾಕ್ಟರರ ಹತ್ತಿರ ನರ್ಸ್, ನಲವತ್ತನಾಲ್ಕು ವರ್ಷ, ಇಬ್ಬರು ಮಕ್ಕಳ ತಾಯಿ. ಹೋದ ಚಳಿಗಾಲದಿಂದ ಈ ಕೆಲಸ ಕಲಿಯುತ್ತೇನೆಂದು ಬರುತ್ತಿದ್ದಾಳೆ. ಕೈ ಒಳ್ಳೆಯದು, ಕಾಲು ಗಟ್ಟಿ. ಒಂದೇ ದೋಷ, ಮಾತನ್ನೆಲ್ಲ ಮಫ್ಲರಿನೊಳಗೇ ಆಡಿ ಮುಗಿಸುತ್ತಾಳೆ.

ನವೆಂಬರ್ 9, ಭಾನುವಾರ

ಬೆಳಿಗ್ಗೆ ಲುಡೋಲ್ಫ್ ಫೋನ್ ಮಾಡಿದ. ಹುಡುಕಾಟಕ್ಕೆ ಅವನು ನನ್ನನ್ನು ಕರೆದದ್ದು ಈ ನಲವತ್ತು ವರ್ಷದ ಸ್ನೇಹದಲ್ಲಿ ಇದು ಎರಡನೆಯ ಸಲ. ಸೋಲಿಂಗ್ ಬೆಟ್ಟದ ಈ ಬದಿಯಲ್ಲಿ ಅವನಂಥ ಗುರಿಕಾರ ಇನ್ನೊಬ್ಬನಿಲ್ಲ. ಬಡಗಿ. ಊರ ಹಿಂದಿನ ಕಾಡಿನಲ್ಲಿ ಬೇಟೆಯ ಹಕ್ಕು ಅವನೊಬ್ಬನದೇ, ಅಲ್ಲಿ ಬೇಟೆಗೆ ಕೂರುವ ಅಟ್ಟಣೆಗಳನ್ನೆಲ್ಲ ಸ್ವಂತ ಕೈಯಿಂದ ಕಟ್ಟಿದ್ದಾನೆ. ಒಂದೂ ಅಲ್ಲಾಡುವುದಿಲ್ಲ.

ಸಣ್ಣ ಜಾತಿಯ ಜಿಂಕೆ, ಹೆಣ್ಣು. ಗುಂಡು ಹಿಂಗಾಲಿನ ತೊಡೆಗೆ ಹೊಡೆದಿತ್ತು. ಅರವತ್ತು ಹೆಜ್ಜೆ ದೂರದಿಂದ, ಹಗಲು ಬೆಳಕಿನಲ್ಲಿ, ಲುಡೋಲ್ಫ್! ಹೆಲ್ಲಾ ಎರಡು ಗಂಟೆಯಲ್ಲಿ ಹುಡುಕಿದಳು, ಅಲ್ಲಿಯವರೆಗೂ ಜೀವ ಹಿಡಿದುಕೊಂಡಿತ್ತು.

"ಮಧ್ಯೆ ಒಂದು ಕೊಂಬೆ ಅಡ್ಡ ಬಂತು ಕಣೋ" ಅಂದ.

"ಬರುತ್ತೆ ಬಿಡು ಮಾರಾಯ" ಅಂದೆ.

ನಮೂನೆಯಲ್ಲಿ 'ಗುಂಡು ಕೊಂಬೆಗೆ ತಾಗಿ ದಿಕ್ಕು ತಪ್ಪಿದೆ' ಎಂದು ಬರೆದೆ. ಅಲ್ಲಿ ಕೊಂಬೆ ಇರಲಿಲ್ಲ. ಅಟ್ಟಣೆಯಿಂದ ಆ ಜಾಗದವರೆಗೆ ಬೋಳು ಹುಲ್ಲುಗಾವಲು. ಒಂದು ಕೆಟ್ಟ ದಿನ ಯಾರಿಗೂ ಬರುತ್ತದೆ.

ನವೆಂಬರ್ 15, ಶನಿವಾರ

ದೊಡ್ಡ ಬೇಟೆ. ನಲವತ್ತು ಕೋವಿ, ಐದು ಹುಡುಕಾಟ. ಮಂಡಿ ಊದಿಕೊಂಡಿದೆ.

ಅಲ್ಲಿಗೆ ತಲುಪಿದ್ದೇ ಒಂದು ಗಂಟೆ ತಡ. ಬೇಟೆ ಏರ್ಪಡಿಸಿದ್ದ ಮನುಷ್ಯ ಫೋನಿನಲ್ಲಿ ಊರಿನ ಹೆಸರನ್ನು ಬಾಯೊಳಗೇ ಅರೆದು ನುಂಗಿದ. ಮೂರು ಸಲ ಕೇಳಿ, ಸರಿ ಅಂತ ಹೋದರೆ ಬೇರೆಯೇ ಊರು. ತಿರುಗಿ ಬರುವಷ್ಟರಲ್ಲಿ ಅವರೆಲ್ಲ ಮಳೆಯಲ್ಲಿ ನೆನೆದು ಮುದ್ದೆಯಾಗಿದ್ದರು. "ಸ್ಪಷ್ಟವಾಗಿ ಮಾತಾಡೋದು ಕಲೀರಿ ಸ್ವಾಮಿ, ಆಮೇಲೆ ಕೋವಿ ಹಿಡೀರಿ" ಎಂದು ಎಲ್ಲರ ಮುಂದೆ ಬೈದೆ. ಈಚೆಗೆ ಎಲ್ಲರೂ ಹೀಗೇ, ಮಾತಿಗೆ ಹಲ್ಲೇ ಇಲ್ಲ.

ಐದರಲ್ಲಿ ನಾಲ್ಕು ಸಿಕ್ಕವು.

ನವೆಂಬರ್ 16

ಮಲಗಿದ್ದೆ. ಹೆಲ್ಲಾಳ ಪಾದಕ್ಕೆ ಮುಲಾಮು ಹಚ್ಚಿದೆ, ನನ್ನ ಮಂಡಿಗೂ ಅದನ್ನೇ.

ನವೆಂಬರ್ 23, ಭಾನುವಾರ

ನಿನ್ನೆ, ಇಂದು, ಎರಡು ದಿನ ಲುಡೋಲ್ಫ್‌ನ ಕಾಡಿನಲ್ಲಿ. ದೊಡ್ಡ ಕೆಂಪು ಜಿಂಕೆ, ಹೆಣ್ಣು. ಗುಂಡು ತಗಲಿದ ಜಾಗದಲ್ಲಿ ಹಲ್ಲಿನ ಚೂರು, ಜೊಲ್ಲು, ನಾಲಿಗೆಯ ಒಂದು ತುಣುಕು. ಕೆಳದವಡೆ ಹೋಗಿದೆ. ಇದಕ್ಕಿಂತ ಕೆಟ್ಟದ್ದು ಇಲ್ಲ. ಓಡಲು ನಾಲ್ಕು ಕಾಲೂ ಇವೆ, ಮೇಯಲು ಬಾಯಿಲ್ಲ. ಎಂಟು ದಿನ, ಹತ್ತು ದಿನ, ಹಸಿದು ಸಾಯುತ್ತದೆ. ನೆತ್ತರು ಇನ್ನೂರು ಹೆಜ್ಜೆಗೆ ನಿಂತುಹೋಯಿತು. ಹೆಲ್ಲಾ ವಾಸನೆಯ ಮೇಲೆಯೇ ಆರು ಕಿಲೋಮೀಟರ್ ಎಳೆದಳು. ಇಂದು ಮಧ್ಯಾಹ್ನ ಹೊಳೆಯ ದಂಡೆಯಲ್ಲಿ ಕುಳಿತುಬಿಟ್ಟಳು. ಸಿಗಲಿಲ್ಲ.

ಲುಡೋಲ್ಫ್‌ನ ಮನೆಯಲ್ಲಿ ಆಲೂಗಡ್ಡೆ ಸಾರು ಕುಡಿದೆ. ಅವನು ನನಗೆ ಕಾಫಿ ಬಗ್ಗಿಸುವಾಗ ಬಟ್ಟಲು ಬಿಟ್ಟು ಪಕ್ಕಕ್ಕೆ ಸುರಿದ. ಅವನ ಹೆಂಡತಿ ಇರ್ಮೆಲಾ ಏನೂ ಆಗದ ಹಾಗೆ ಒರೆಸಿದಳು, ಬಟ್ಟೆ ಮೊದಲೇ ಅವಳ ಕೈಯಲ್ಲಿತ್ತು. ಅವನ ಕೈ ನಡುಗುತ್ತಿರಬೇಕು. ಅಂಥ ಗುಂಡು ಹಾರಿಸಿದ ಮೇಲೆ ನನ್ನ ಕೈಯೂ ನಡುಗೀತು.

ಹೊರಡುವಾಗ ಇರ್ಮೆಲಾ ಬಾಗಿಲವರೆಗೆ ಬಂದು, ನನ್ನ ತೋಳು ಹಿಡಿದು ಏನೋ ಹೇಳಿದಳು. ಯಾವಾಗಲೂ ಪಿಸುಗುಟ್ಟುವ ಹೆಂಗಸು, ಒಳಗೆ ನಲ್ಲಿ ಬೇರೆ ಸುರಿಯುತ್ತಿತ್ತು. ಅವಳ ಮುಖ ನೋಡಿದರೆ ಮತ್ತೊಮ್ಮೆ ಹೇಳು ಅನ್ನಲು ಮನಸ್ಸಾಗಲಿಲ್ಲ. ತಲೆಯಾಡಿಸಿದೆ. ಅವಳಿಗೆ ಸಮಾಧಾನವಾದಂತೆ ಕಂಡಿತು. ಕಾರನ್ನೂ ಈಗೀಗ ಅವಳೇ ಓಡಿಸುತ್ತಾಳೆ.

ನವೆಂಬರ್ 30

ಕ್ರಿಸ್ಮಸ್ಸಿಗೆ ಮುಂಚಿನ ಮೊದಲ ಭಾನುವಾರ. ಒಂದು ಮೇಣದಬತ್ತಿ ಹಚ್ಚಿದೆ, ತೀರಿಹೋದ ಹೆಂಡತಿಯ ನೆನಪಿಗೆ. ಅಡುಗೆಮನೆಯ ಗಡಿಯಾರ ನಿಂತಿದೆ ಅಂದುಕೊಂಡಿದ್ದೆ, ನೋಡಿದರೆ ಮುಳ್ಳು ಓಡುತ್ತಿದೆ, ಟಿಕ್ ಟಿಕ್ ಮಾತ್ರ ಇಲ್ಲ. ಎಣ್ಣೆ ಹಾಕಬೇಕು.

ಆ ದವಡೆ ಒಡೆದ ಜಿಂಕೆಗೆ ಇವತ್ತು ಎಂಟನೆಯ ದಿನ.

ಡಿಸೆಂಬರ್ 6, ಶನಿವಾರ

ಎರಡು ಹುಡುಕಾಟ, ಎರಡೂ ಸಿಕ್ಕವು. ಎರಡನೆಯದರಲ್ಲಿ ಹಗ್ಗ ಬಿಚ್ಚಿ ಹೆಲ್ಲಾಳನ್ನು ಬಿಡಬೇಕಾಯಿತು. ಅವಳು ಪ್ರಾಣಿಯನ್ನು ಅಡ್ಡಗಟ್ಟಿ ಬೊಗಳುತ್ತಾಳೆ, ಆ ದನಿ ಹಿಡಿದು ನಾವು ಹೋಗಿ ಕೊನೆಯ ಗುಂಡು ಹಾರಿಸಬೇಕು. ಎಲ್ಲ ಸರಿಯಾಗಿಯೇ ಆಯಿತು. ಕಾರಿನ ಹತ್ತಿರ ಬಂದಮೇಲೆ ವೀಬ್ಕೆ ಚೀಲದಿಂದ ಒಂದು ಪೊಟ್ಟಣ ತೆಗೆದಳು. ನಾಯಿಯ ಕೊರಳಿಗೆ ಕಟ್ಟುವ ಯಂತ್ರ. ನಾಯಿ ಎಲ್ಲಿದೆ ಅಂತ ಕೈಯಲ್ಲಿನ ಪರದೆಯ ಮೇಲೆ ತೋರಿಸುತ್ತದಂತೆ.

"ಈಗ ಎಲ್ರೂ ಇದನ್ನೇ ಕಟ್ತಾರೆ ಹಿನ್ರಿಶ್ ಅವ್ರೇ."

"ಕಟ್ಲಿ. ನನಗೆ ಕಿವಿ ಇದೆ."

"ಇವತ್ತು ಹೆಲ್ಲಾ ಬೊಗಳೋಕೆ ಶುರು ಮಾಡಿ ನಾಲ್ಕು ನಿಮಿಷ ಆದ್ಮೇಲೆ ನೀವು ತಿರುಗಿದ್ರಿ. ನಾನು ಗಡಿಯಾರ ನೋಡ್ಕೊಂಡಿದೀನಿ" ಅಂದಳು.

"ಗಾಳಿ ಎದುರಿಗಿತ್ತು."

"ಗಾಳಿ ಎಲ್ಲಿತ್ತು?" ಅಂದಳೋ, ಬೇರೇನಾದರೂ ಅಂದಳೋ. ಪೊಟ್ಟಣವನ್ನು ಕಾರಿನಲ್ಲೇ ಬಿಟ್ಟು ಹೋಗಿದ್ದಾಳೆ. ಹಟಮಾರಿ. ಈ ಕೆಲಸಕ್ಕೆ ಹಟ ಬೇಕು, ಅದೇನೋ ಸರಿ.

ಡಿಸೆಂಬರ್ 13, ಶನಿವಾರ

ಬರೆಯುವ ಮನಸ್ಸಿಲ್ಲ. ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಪಕ್ಕದ ಕಾಡಿನಲ್ಲಿ ಗಾಯಗೊಂಡ ಒಂದು ಜಿಂಕೆಯ ಜಾಡು ಗಡಿ ದಾಟಿ ಲುಡೋಲ್ಫ್‌ನ ಕಾಡಿಗೆ ಬಂತು. ನಡುದಾರಿಯಲ್ಲಿ ವೀಬ್ಕೆ ನನ್ನ ಭುಜ ತಟ್ಟಿ ಪೊದೆಯ ಆಚೆಗೆ ಕೈ ತೋರಿಸಿದಳು. ಕಾಡುಕಾಗೆಗಳ ಗದ್ದಲ ಕೇಳಿ ಅವಳಿಗೆ ಅನುಮಾನ ಬಂದಿತ್ತಂತೆ. ಹೋಗಿ ನೋಡಿದರೆ ಗಂಡು ಜಿಂಕೆ, ಕವಲೊಡೆದ ದೊಡ್ಡ ಕೊಂಬು, ಸತ್ತು ನಾಲ್ಕೈದು ದಿನವಾಗಿದೆ. ನರಿಗಳು ಹಿಂಭಾಗ ತಿಂದಿದ್ದವು. ಆದರೂ ಹೊಟ್ಟೆಯ ಮೇಲಿನ ತೂತು ಕಾಣುತ್ತಿತ್ತು. ಮಲಗಿದ್ದಲ್ಲೇ ಕಾಲು ಬಡಿದು ಬಡಿದು ಸುತ್ತಲಿನ ಪಾಚಿಯೆಲ್ಲ ಕಿತ್ತು ಹೋಗಿತ್ತು. ಲುಡೋಲ್ಫ್‌ನ ಅಟ್ಟಣೆಯಿಂದ ನೂರೈವತ್ತು ಹೆಜ್ಜೆ. ಈ ಕಾಡಿನಲ್ಲಿ ಗುಂಡು ಹಾರಿಸುವವನು ಅವನೊಬ್ಬನೇ.

ಹಾರಿಸಿದ್ದಾನೆ, ತಗಲಿದೆ. ನನ್ನನ್ನು ಕರೆದಿಲ್ಲ.

ವೀಬ್ಕೆಗೆ, "ಇದನ್ನ ನಾನು ನೋಡ್ಕೋತೀನಿ, ನೀನು ಯಾರಿಗೂ ಹೇಳ್ಬೇಡ" ಅಂದೆ.

"ನಮೂನೇಲಿ?"

"ಯಾರ ಗುಂಡು ಅಂತ ಗೊತ್ತಿಲ್ಲ ಅಂತ ಬರೀತೀನಿ."

ಅವಳು ಮಫ್ಲರ್ ಕೆಳಗೆಳೆದು ನನ್ನ ಮುಖಕ್ಕೆ ನೇರವಾಗಿ ಹೇಳಿದಳು. "ಆ ಡೆಂಟಿಸ್ಟ್‌ಗೆ ನೀವು ಎಷ್ಟು ಬೈದ್ರಿ. ಅವ್ನು ಕೊನೇಪಕ್ಷ ಫೋನ್ ಮಾಡಿದ್ದ."

ಗಡಿ ದಾಟಿದ ಜಿಂಕೆ ಮುಂದೆ ಅರ್ಧ ಕಿಲೋಮೀಟರಿನಲ್ಲಿ ಸಿಕ್ಕಿತು. ಅದರ ಬಗ್ಗೆ ಬರೆಯಲು ಏನೂ ಇಲ್ಲ.

ಡಿಸೆಂಬರ್ 14, ಭಾನುವಾರ

ಲುಡೋಲ್ಫ್‌ನ ಮನೆಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡಿದ್ದೆ. ಇರ್ಮೆಲಾ ಕೇಲ್ ಸೊಪ್ಪು, ಸಾಸೇಜು ಬಡಿಸಿದಳು. ಲುಡೋಲ್ಫ್ ತನ್ನ ತಟ್ಟೆಯನ್ನು ಬೆರಳಿಂದ ಮುಟ್ಟಿ ಮುಟ್ಟಿ ನೋಡುತ್ತ ತಿಂದ. ಚಾವಣಿಯ ಸೋರಿಕೆಯ ಮಾತು ಬಂತು. ಚರ್ಚಿನ ಹೊಸ ಬಾಗಿಲಿನ ಮಾತು ಬಂತು. ಯಾರೋ ಅದಕ್ಕೆ ಪ್ಲಾಸ್ಟಿಕ್ ಹಿಡಿ ಹಾಕಿದ್ದಾರಂತೆ, ಅರ್ಧ ಗಂಟೆ ಅವರನ್ನು ಬೈದ. ನಾನೂ ಸೇರಿಕೊಂಡು ಬೈದೆ.

ಏನೂ ಹೇಳದೆ ವಾಪಸು ಬಂದೆ.

ಡಿಸೆಂಬರ್ 24

ಹೆಲ್ಲಾಗೆ ಹಂದಿಯ ಮೂಳೆ. ನನಗೆ ತಂಗಿಯ ಫೋನು. ಅವಳು ಮಾತಾಡಿದಳು, ನಾನು ಹೂಂ ಅಂದೆ.

ಜನವರಿ 3, ಶನಿವಾರ

ಬೆಳಿಗ್ಗೆ ಎಂಟಕ್ಕೆ ಲುಡೋಲ್ಫ್ ಕರೆದ. ಈ ಸಲ ಕರೆದ, ಅದಕ್ಕೇ ಮೊದಲು ಖುಷಿಯಾಯಿತು. ದೊಡ್ಡ ಗಂಡು ಜಿಂಕೆ. ತೆಳ್ಳಗೆ ಹಿಮ ಬಿದ್ದಿತ್ತು, ಹಿಮದ ಮೇಲೆ ಮೂಳೆಯ ಚಕ್ಕೆಗಳು. ಮುಂಗಾಲು ಮುರಿದಿದೆ. ಮೂರು ಕಾಲಿನ ಜಿಂಕೆ ಇಡೀ ದಿನ ಓಡಬಲ್ಲದು. ವೀಬ್ಕೆಗೆ ದನದ ಆಸ್ಪತ್ರೆಯಲ್ಲಿ ಪಾಳಿ.

"ನಾನೇ ಬರ್ತೀನಿ. ನನ್ನ ಗುಂಡು ತಾನೆ" ಅಂದ ಲುಡೋಲ್ಫ್.

ಇಬ್ಬರು ಮುದುಕರು, ಒಂದು ನಾಯಿ. ಹೆಲ್ಲಾ ಹಗ್ಗ ಬಿಗಿದು ಎಳೆದಳು. ಬೆಟ್ಟ ಹತ್ತಿದೆವು, ಇಳಿದೆವು. ಹುಳು ತಿಂದು ಸತ್ತ ಸ್ಪ್ರೂಸ್ ಮರಗಳು ಅಡ್ಡಾದಿಡ್ಡಿ ಬಿದ್ದಿರುವ ಇಳಿಜಾರು, ಅದರ ಮೇಲೆಲ್ಲ ಮುಳ್ಳುಪೊದೆ. ಲುಡೋಲ್ಫ್ ಎರಡು ಸಲ ಎಡವಿ ಬಿದ್ದ. ಎದುರಿಗೇ ಇದ್ದ ದಿಮ್ಮಿಗೆ! "ಕಣ್ಣೆಲ್ಲಿಟ್ಟಿದೀಯೋ?" ಅಂತ ರೇಗಿದೆ. ಅವನು ಹಿಮ ಕೊಡವಿಕೊಂಡು ಎದ್ದ.

ಹನ್ನೊಂದರ ಹೊತ್ತಿಗೆ ಜಿಂಕೆ ಮಲಗಿ ಎದ್ದ ಜಾಗ ಸಿಕ್ಕಿತು. ನೆತ್ತರು ಹಸಿಯಾಗಿತ್ತು, ಹಿಮ ಇನ್ನೂ ಕರಗುತ್ತಿತ್ತು. ಹಗ್ಗ ಬಿಚ್ಚಿದೆ. ಹೆಲ್ಲಾ ಬಾಣದ ಹಾಗೆ ಹೋದಳು. ನಾನು ಒಂದು ಮರದ ಬುಡಕ್ಕೆ ಒರಗಿ ನಿಂತು ಕಾದೆ. ಹತ್ತು ನಿಮಿಷ. ಹದಿನೈದು. ಕಾಡು ಗಪ್‌ಚಿಪ್ಪಾಗಿತ್ತು. ಜಾಡು ತಪ್ಪಿದಳೋ, ಹೊಳೆ ದಾಟಿದಳೋ ಎಂದು ಲೆಕ್ಕ ಹಾಕುತ್ತಿದ್ದೆ. ಲುಡೋಲ್ಫ್ ಕಾಲು ಬದಲಿಸುತ್ತ ನಿಂತಿದ್ದ. ಕೊನೆಗೆ ನನ್ನ ಅಂಗಿ ಎಳೆದ.

"ಇನ್ನೂ ಎಷ್ಟು ಹೊತ್ತು ಕಾಯ್ತೀಯೋ?"

"ದನಿ ಬರ್ಲಿ."

ಅವನು ನನ್ನ ಕಡೆ ತಿರುಗಿದ. ಮುಖದ ಮೇಲಲ್ಲ, ನನ್ನ ಕಿವಿಯ ಪಕ್ಕಕ್ಕೆ ಎಲ್ಲೋ ನೋಡುತ್ತ, "ಬೊಗಳ್ತಾನೇ ಇದೆಯಲ್ಲೋ! ಕೆಳಗಡೆ, ಹಳ್ಳದಲ್ಲಿ! ನಿನಗೆ ಕೇಳಿಸ್ತಿಲ್ವಾ?" ಅಂದ.

ನನಗೆ ಏನೂ ಕೇಳಿಸುತ್ತಿರಲಿಲ್ಲ.

"ಯಾವಾಗಿಂದ?"

"ನೀನು ಹಗ್ಗ ಬಿಚ್ಚಿ ಐದು ನಿಮಿಷಕ್ಕೇ ಶುರು ಮಾಡ್ತು. ನೀನು ಬೇಕಂತ್ಲೇ ಕಾಯ್ತಿದೀಯ ಅಂದ್ಕೊಂಡೆ ನಾನು."

ಓಡಿದೆವು ಅಂತ ಬರೆದರೆ ಸುಳ್ಳಾಗುತ್ತದೆ. ಅವನು ಎಡಕ್ಕೆ, ಬಲಕ್ಕೆ, ಇನ್ನೂ ಕೆಳಗೆ ಅನ್ನುತ್ತಿದ್ದ, ನಾನು ಅವನ ತೋಳು ಹಿಡಿದು ದಿಮ್ಮಿ ದಾಟಿಸುತ್ತಿದ್ದೆ. ಹಳ್ಳದ ಅಂಚಿಗೆ ಬಂದಾಗ ಕಂಡಿತು. ಜಿಂಕೆ ಮೊಣಕಾಲುದ್ದ ನೀರಿನಲ್ಲಿ ಬೆನ್ನು ಬಂಡೆಗೆ ಕೊಟ್ಟು ನಿಂತಿದೆ, ಮುರಿದ ಕಾಲು ಜೋತಾಡುತ್ತಿದೆ, ಕೊಂಬು ತಗ್ಗಿಸಿದೆ. ಹೆಲ್ಲಾ ಅದರ ಮುಂದೆ. ಅವಳ ಮೈಗೆ ತೊಡಿಸಿದ್ದ ಕಿತ್ತಳೆ ಬಣ್ಣದ ಕವಚ ಪಕ್ಕೆಯಲ್ಲಿ ಹರಿದು ನೆತ್ತರು ಸುರಿಯುತ್ತಿತ್ತು. ಆದರೂ ಬಾಯಿ ತೆರೆದು ಮುಚ್ಚುತ್ತಿದ್ದಳು. ಅಷ್ಟು ಹತ್ತಿರದಿಂದ ನನಗೆ ಆಗ ಕೇಳಿಸಿತು, ಬಾಗಿಲ ಆಚೆಗೆ ಯಾರೋ ಕೆಮ್ಮಿದ ಹಾಗೆ.

ನಾನು ಹೆಗಲಿನಿಂದ ಕೋವಿ ಇಳಿಸುವಷ್ಟರಲ್ಲಿ ಲುಡೋಲ್ಫ್ ತನ್ನದನ್ನು ಎತ್ತಿದ್ದ. ಗಾಯ ಮಾಡಿದವನೇ ಮುಗಿಸಬೇಕು, ಅದು ಅವನ ಹಕ್ಕು. ಕೋವಿಯ ಬಾಯಿ ಜಿಂಕೆಯಿಂದ ನಾಯಿಗೆ, ನಾಯಿಯಿಂದ ಬಂಡೆಗೆ ಓಲಾಡುತ್ತಿತ್ತು.

ನಾನು ಕೈ ಚಾಚಿ ನಳಿಗೆ ಹಿಡಿದೆ. "ಏನು ಕಾಣ್ತಿದೆ ಹೇಳು."

"ಬಿಡೋ."

"ಏನು ಕಾಣ್ತಿದೆ, ಲುಡೋಲ್ಫ್?"

"ಕಂದು."

"ನಾಯಿ ಎಲ್ಲಿದೆ?"

ಅವನ ಉಸಿರು ಹೊಗೆಯಾಗಿ ಏಳುತ್ತಿತ್ತು. "ನಾನು ನೋಡಿದ ಕಡೆ ಮಸಿ" ಅಂದ. "ಸುತ್ತ ಇರೋದು ಕಾಣುತ್ತೆ. ನೇರ ನೋಡಿದ್ದು ಮಾತ್ರ ಕಾಣಲ್ಲ." ಕೋವಿಯನ್ನು ಇಳಿಸಿ ಹಿಮದ ಮೇಲೆ ಇಟ್ಟ.

ಹೆಲ್ಲಾ ಪಕ್ಕಕ್ಕೆ ಸರಿಯುವವರೆಗೆ ತಡೆದು, ನಾನು ಹಾರಿಸಿದೆ. ಜಿಂಕೆ ಮುಂಗಾಲು ಮಡಿಸಿ ನೀರಿಗೆ ಕುಸಿಯಿತು.

ಹೆಲ್ಲಾಳನ್ನು ನನ್ನ ಕೋಟಿನಲ್ಲಿ ಸುತ್ತಿ ಇಬ್ಬರೂ ಹೊತ್ತು ತಂದೆವು. ಮೂವತ್ತೆಂಟು ಕಿಲೋ ತೂಕ. ಟೊಂಗೆ ಮುರಿದು ಕೊಡುವುದು ಇಬ್ಬರಿಗೂ ನೆನಪಾಗಲಿಲ್ಲ.

ಜನವರಿ 4

ಹೆಲ್ಲಾಗೆ ಇಪ್ಪತ್ತಮೂರು ಹೊಲಿಗೆ. ಡಾಕ್ಟರರು ಹಾಕಿದರು, ವೀಬ್ಕೆ ಅವಳ ತಲೆ ಹಿಡಿದುಕೊಂಡಿದ್ದಳು. ಶ್ವಾಸಕೋಶ ಉಳಿದಿದೆ, ಒಂದು ಬೆರಳಿನಷ್ಟು ಅಂತರದಲ್ಲಿ. ವೀಬ್ಕೆ ಒಂದೆರಡು ಮಾತು ಬೈದಿದ್ದರೆ ವಾಸಿಯಿತ್ತು.

ಜನವರಿ 5, ಸೋಮವಾರ

ಇರ್ಮೆಲಾ ಬಂದಿದ್ದಳು, ಬೆಣ್ಣೆ ಕೇಕು ತಂದಿದ್ದಳು. ಹೆಲ್ಲಾಳ ತಲೆ ಸವರಿ, ನನ್ನ ಎದುರಿಗೆ ಕುಳಿತು ಒಮ್ಮೆಲೇ ಸಿಡಿದಳು.

"ನಾನು ನಿನಗೆ ನವೆಂಬರಲ್ಲೇ ಹೇಳಿದ್ದೆ. ಬಾಗಿಲ ಹತ್ರ ನಿಂತು ಹೇಳ್ದೆ. ಅವ್ರಿಗೆ ಕಣ್ಣು ಹೋಗ್ತಿದೆ, ನನ್ನ ಮಾತು ಕೇಳಲ್ಲ, ನೀನು ಹೇಳಿದ್ರೆ ಕೋವಿ ಕೆಳಗಿಡ್ತಾರೆ ಅಂದೆ. ನೀನು ತಲೆ ಆಡಿಸ್ದೆ. ಹೇಳ್ತೀಯ ಅಂತ ನಾನು ಕಾದೆ, ಹಿನ್ರಿಶ್. ಆರು ವಾರ ಕಾದೆ."

"ನನಗೆ ಕೇಳಿಸಿರ್ಲಿಲ್ಲ ಇರ್ಮೆಲಾ."

"ಹಾಗಾದ್ರೆ ತಲೆ ಯಾಕೆ ಆಡಿಸ್ದೆ?"

ಅವಳು ಕೇಕು ಕತ್ತರಿಸಿ ಕೊಟ್ಟಳು, ಅಳುತ್ತಲೇ ತಾನೂ ತಿಂದಳು.

ಅವಳು ಹೋದಮೇಲೆ ಕುಳಿತು ಯೋಚಿಸಿದೆ. ಹೊಟ್ಟೆಗೆ ಗುಂಡು ತಿಂದು ಪಾಚಿ ಕಿತ್ತುಕೊಂಡು ಸತ್ತ ಆ ಗಂಡು, ಅವಳು ಬಾಗಿಲಲ್ಲಿ ಹೇಳಿದ ಮೇಲಿನದು. ನೀರಿನಲ್ಲಿ ನಿಂತಿದ್ದ ಇದು, ಆಮೇಲಿನದು. ಹೆಲ್ಲಾ, ಆಮೇಲೆ. ಇನ್ನು ಯಾವ ಯಾವ ಮನೆಯಲ್ಲಿ ಯಾರಿಗೆಲ್ಲ ಹೀಗೆ ತಲೆಯಾಡಿಸಿ ಬಂದಿದ್ದೇನೋ.

ಜನವರಿ 9, ಶುಕ್ರವಾರ

ಲುಡೋಲ್ಫ್‌ನ ಕೆಲಸದ ಕೊಟ್ಟಿಗೆಗೆ ಹೋದೆ. ಅವನು ಒಂದು ಹಲಗೆಗೆ ಉಜ್ಜುಗೊರಡು ಹಾಕುತ್ತಿದ್ದ, ಕಣ್ಣು ಮುಚ್ಚಿಕೊಂಡು. ನಾನು ಬಂದದ್ದು ಹೆಜ್ಜೆಯಿಂದಲೇ ಗೊತ್ತಾಯಿತು ಅವನಿಗೆ.

"ಬಾ. ಬೈಯೋಕೆ ತಾನೆ ಬಂದಿರೋದು? ಶುರು ಮಾಡು."

"ಅಟ್ಟಣೆ ಹತ್ರ ಸತ್ತು ಬಿದ್ದಿದ್ದ ಗಂಡು ನಿನ್ನದೇನೋ?"

ಗೊರಡು ನಿಂತಿತು. "ತಗಲಿದ್ದು ಗೊತ್ತಾಯ್ತು. ಗುಂಡಿನ ಸದ್ದಿನ ಹಿಂದೆ ಆ ಥಪ್ ಅನ್ನೋ ಸದ್ದು ಬರುತ್ತಲ್ಲ, ಬಂತು. ಹುಡುಕ್ದೆ. ಒಂದು ಗಂಟೆ ನೆಲ ತಡಕಾಡ್ದೆ. ನನಗೆ ನೆತ್ತರೇ ಕಾಣ್ಲಿಲ್ಲ ಹಿನ್ರಿಶ್."

"ನನ್ನ ಕರೀಬೇಕಾಗಿತ್ತು."

"ಕರೆದಿದ್ರೆ ನಿನಗೆ ಗೊತ್ತಾಗ್ತಿತ್ತು. ಎರಡು ಸಲ ನೀನು ಸುಮ್ನಿದ್ದೆ. ಮತ್ತೆ ನಿನ್ನ ಹತ್ರ ಸುಳ್ಳು ಬರೆಸ್ಬೇಕಾ ಅನ್ನಿಸ್ತು."

ಹೇಳಿದೆ. ಕೋವಿ ಬಿಡು ಅಂದೆ, ಕಾಡಿನ ಹಕ್ಕನ್ನೂ ಬಿಟ್ಟುಕೊಡು ಅಂದೆ. ಅವನ ಮುಖ ಕೆಂಪಾಯಿತು. ಗೊರಡನ್ನು ಮೇಜಿನ ಮೇಲೆ ಕುಕ್ಕಿದ.

"ದೊಡ್ಡ ಮನುಷ್ಯ! ನಿನಗೆ ಯಾರೋ ಹೇಳೋರು? ಪೆಟ್ಟು ತಿಂದ ನಾಯಿ ಹತ್ತು ನಿಮಿಷ ಕೂಗಿದ್ರೂ ಮರಕ್ಕೆ ಒರಗಿಕೊಂಡು ನಿಂತಿದ್ಯಲ್ಲ! ನಾನು ಕೋವಿ ಬಿಟ್ರೆ ನೀನು ಹಗ್ಗ ಬಿಡ್ತೀಯಾ?"

ಮೂವತ್ತೊಂದು ವರ್ಷ. ಹೆಲ್ಲಾ ನನ್ನ ನಾಲ್ಕನೆಯ ನಾಯಿ. ಮಳೆ, ಹಿಮ, ಹೆಂಡತಿಯನ್ನು ಮಣ್ಣು ಮಾಡಿದ ಮರುದಿನ, ಜ್ವರದಲ್ಲಿ, ಯಾವತ್ತೂ ಇಲ್ಲ ಅಂದವನಲ್ಲ. ಕೊಟ್ಟಿಗೆಯಲ್ಲಿ ಹೊಸ ಮರದ ಪುಡಿಯ ವಾಸನೆ ಇತ್ತು. ಅದನ್ನೇ ಎಷ್ಟೋ ಹೊತ್ತು ಮೂಸುತ್ತ ನಿಂತಿದ್ದೆ.

"ಬಿಡ್ತೀನಿ" ಅಂದೆ.

ಅವನು ಅದನ್ನು ನಿರೀಕ್ಷಿಸಿರಲಿಲ್ಲ. ಜೇಬು ತಡಕಿ ಕೋವಿ ಕಪಾಟಿನ ಕೀಲಿ ತೆಗೆದು ಮೇಜಿನ ಮೇಲಿಟ್ಟ, ಆದರೆ ಬೆರಳು ಎತ್ತಲಿಲ್ಲ. ನಾನೂ ಕೈ ಹಾಕಲಿಲ್ಲ. ಬೆರಳು ಎತ್ತಿದಾಗ ತೆಗೆದುಕೊಂಡೆ.

"ಕಚೇರಿಗೆ ನಾನೇ ಹೋಗಿ ಹೇಳ್ತೀನಿ, ಆ ಗಂಡಿನ ವಿಷ್ಯಾನೂ ಸೇರಿಸಿ. ನೀನು ಕಾರು ಓಡ್ಸು" ಅಂದ.

ನವೆಂಬರಿನ ಕೊಂಬೆಯ ಸುಳ್ಳನ್ನೂ, ಡಿಸೆಂಬರಿನದನ್ನೂ ನಾನೇ ಕಚೇರಿಗೆ ತಿದ್ದಿ ಬರೆದು ಕೊಡಬೇಕು.

ಜನವರಿ 19, ಸೋಮವಾರ

ಪಟ್ಟಣದ ಕಿವಿ ಡಾಕ್ಟರ್, ಸಣ್ಣ ವಯಸ್ಸಿನ ಹೆಣ್ಣುಮಗಳು. ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿ, ಸದ್ದು ಬಂದಾಗ ಗುಂಡಿ ಒತ್ತಿ ಅಂದರು. ತುಂಬಾ ಹೊತ್ತು ಏನೂ ಬರಲಿಲ್ಲ, ಯಂತ್ರ ಕೆಟ್ಟಿದೆ ಅಂದುಕೊಂಡೆ. ಹೊರಗೆ ಬಂದರೆ ಕಾಗದದ ಮೇಲೆ ಗೀಟು ಇಳಿಜಾರಿನ ಹಾಗೆ ಬಿದ್ದಿತ್ತು. ಐದಾರು ವರ್ಷದಿಂದ ಹೀಗಿರಬೇಕು ಅಂದರು ಆ ಹೆಣ್ಣುಮಗಳು. ಎರಡು ಕಿವಿಗೂ ಯಂತ್ರ ಬರುತ್ತದೆ. ಮಾತು ಕೇಳಿಸುತ್ತದಂತೆ.

"ಕಾಡಲ್ಲಿ?" ಕೇಳಿದೆ.

"ಸದ್ದು ಕೇಳುತ್ತೆ ತಾತ. ಆದ್ರೆ ದೂರದಿಂದ ಬಂದಾಗ ಯಾವ ದಿಕ್ಕು ಅಂತ ಹೇಳೋದು ಕಷ್ಟ ಆಗುತ್ತೆ."

ದಿಕ್ಕು ಗೊತ್ತಾಗದೆ ಬರೀ ಬೊಗಳುವುದು ಕೇಳಿಸಿದರೆ ಏನು ಬಂತು? ಹುಡುಕಾಟದವರ ಪಟ್ಟಿಯಿಂದ ನನ್ನ ಹೆಸರು ತೆಗೆದು ವೀಬ್ಕೆಯ ಹೆಸರು ಹಾಕಿ ಎಂದು ಕಚೇರಿಗೆ ಪತ್ರ ಬರೆದೆ. ಎರಡೇ ಸಾಲು. ಅದಕ್ಕೆ ಇಡೀ ಮಧ್ಯಾಹ್ನ ಹಿಡಿಯಿತು.

ಹೆಲ್ಲಾಳ ಹೊಲಿಗೆ ಬಿಚ್ಚಿದರು. ಅಂಗಳದಲ್ಲಿ ಬೆಕ್ಕನ್ನು ಅಟ್ಟಿಸಿಕೊಂಡು ಹೋದಳು.

ಜನವರಿ 31, ಶನಿವಾರ

ಬೇಟೆಯ ಕಾಲದ ಕೊನೆಯ ದಿನ. ಪಕ್ಕದ ಹಳ್ಳಿಯಿಂದ ಕರೆ ಬಂತು, ವೀಬ್ಕೆಯ ಫೋನಿಗೆ. ಹೆಲ್ಲಾಳನ್ನು ಒಯ್ಯಲೇ ಎಂದು ಕೇಳಲು ಬಂದಳು. ಗಾಯ ಪೂರ್ತಿ ಮಾಗಿದೆ, ಅವಳಿಗೂ ಮನೆಯಲ್ಲಿ ಕೂತು ಹುಚ್ಚು ಹಿಡಿದಿದೆ. ನಾನೂ ಕಾರು ಹತ್ತಿದೆ. ದಾರಿಯಲ್ಲಿ ಲುಡೋಲ್ಫ್ ತನ್ನ ಮನೆಯ ಮುಂದೆ ನಿಂತಿದ್ದ, ಅವನನ್ನೂ ಹತ್ತಿಸಿಕೊಂಡೆವು.

ಗುಂಡು ಹಾರಿಸಿದವಳು ಒಬ್ಬ ಶಾಲಾ ಶಿಕ್ಷಕಿ. ಹೆದರಿ ಬಿಳಿಚಿಕೊಂಡು ನಿಂತಿದ್ದಳು. "ಎಲ್ಲಿಗೆ ತಗಲಿತೋ ನಿಜವಾಗ್ಲೂ ಗೊತ್ತಿಲ್ಲ" ಅಂದಳು. ಹಾಗೆ ಹೇಳುವವರು ಕಡಿಮೆ. ಫ್ಲಾಸ್ಕಿನಿಂದ ಅವಳಿಗೆ ಕಾಫಿ ಬಗ್ಗಿಸಿ ಕೊಟ್ಟೆ.

ವೀಬ್ಕೆ ಮಂಡಿಯೂರಿದಳು, ನಾನು ಅವಳ ಬೆನ್ನ ಹಿಂದೆ ನಿಂತು ನೋಡಿದೆ. ಕಪ್ಪುಗೆಂಪು ನೆತ್ತರು. ಯಕೃತ್ತಿಗೆ ತಗಲಿದೆ ಅಂದುಕೊಂಡೆ, ಮೂರು ಗಂಟೆ ಕಾಯಬೇಕು. ಅವಳು ಒಂದು ಎಲೆಯನ್ನು ಎತ್ತಿ ಬೆಳಕಿಗೆ ಹಿಡಿದು, ತಿರುವಿ, ಇನ್ನೂ ನಾಲ್ಕು ಹೆಜ್ಜೆ ಮುಂದೆ ಹೋಗಿ ಇನ್ನೊಂದು ಎಲೆ ಎತ್ತಿದಳು. ಅದರ ಮೇಲೆ ಸಣ್ಣ ಗುಳ್ಳೆಗಳಿದ್ದವು. ಶ್ವಾಸಕೋಶಕ್ಕೂ ತಗಲಿದೆ. ಕಾಯುವುದು ಬೇಡ. ನಾನಾಗಿದ್ದರೆ ಆ ನಾಲ್ಕು ಹೆಜ್ಜೆ ಹೋಗುತ್ತಿದ್ದೆನೋ ಇಲ್ಲವೋ, ಮಂಡಿ ನೋವಿನಲ್ಲಿ.

"ಏನಂತೀರಿ?" ಅಂತ ನನ್ನ ಮುಖ ನೋಡಿ, ಮಫ್ಲರ್ ಸರಿಸಿ, ಬಿಡಿಸಿ ಕೇಳಿದಳು. ಈಗೀಗ ಎಲ್ಲರೂ ನನ್ನೊಡನೆ ಹಾಗೆಯೇ ಮಾತಾಡುತ್ತಾರೆ.

"ನೀನು ಏನಂತೀಯೋ ಅದೇ."

ಹೆಲ್ಲಾಳ ಕೊರಳಿಗೆ ಆ ಯಂತ್ರ ಕಟ್ಟಿದಳು. ನಾನೇ ಹಗ್ಗವನ್ನು ಅವಳ ಕೈಗೆ ಕೊಟ್ಟೆ. ಹೆಲ್ಲಾ ಒಮ್ಮೆ ನೆಲ ಮೂಸಿ, ಬಾಲ ನೆಟ್ಟಗೆ ಮಾಡಿ ಎಳೆದಳು. ಕಾಡಿನ ಅಂಚಿನಲ್ಲಿ ತಿರುಗಿ ನೋಡುತ್ತಾಳೆ ಅಂತ ಕಾದೆ. ಏಳು ವರ್ಷ ನನ್ನ ಕೈಯಲ್ಲೇ ಇದ್ದವಳು. ಕಿತ್ತಳೆ ಕವಚ ಮರಗಳ ನಡುವೆ ಒಮ್ಮೆ ಕಂಡಿತು, ಮತ್ತೊಮ್ಮೆ ಕಂಡಿತು, ಆಮೇಲೆ ಕಾಣಲಿಲ್ಲ.

ಲುಡೋಲ್ಫ್ ಕಾರಿನ ಬಾಗಿಲಿಗೆ ಒರಗಿ ನಿಂತಿದ್ದ.

"ಹೋದ್ರಾ?"

"ಹೋದ್ರು."

"ನಾಯಿ ತಿರುಗಿ ನೋಡ್ತಾ?"

ನೋಡಿತು ಅನ್ನಬಹುದಿತ್ತು. ಅವನಿಗೆ ಹೇಗೂ ಕಾಣುವುದಿಲ್ಲ.

"ಇಲ್ಲ" ಅಂದೆ.

"ಹಾಗಾದ್ರೆ ಜಾಡು ಹಿಡಿದಿದೆ. ಸಿಗುತ್ತೆ" ಅಂದ.